ಕಾಲೇಜು ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ನಲ್ಲಿ ನಿಲ್ಲುತ್ತಾನೆಯೇ? ಪಂದ್ಯ ನೋಡಿ ಅಳೆಯುವ ಕ್ರಮ

ಪ್ರತಿ ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್ ಬಂತೆಂದರೆ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ದಿನ ಬಂತೆಂದರೆ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ನಮ್ಮ ಫ್ಯಾಂಟಸಿ ಲೀಗಿನ ಗೆಳೆಯರು ಒಂದೇ ತಪ್ಪು ಮಾಡುತ್ತಾರೆ. ಹತ್ತು ನಿಮಿಷದ ಹೈಲೈಟ್ಸ್ ನೋಡುತ್ತಾರೆ, ಅರವತ್ತು ಯಾರ್ಡ್ ಹಾರಿದ ಒಂದು ಎಸೆತಕ್ಕೆ ಮಾರುಹೋಗುತ್ತಾರೆ, ಆಮೇಲೆ ಅಂಕಿಅಂಶಗಳಲ್ಲಿ ಅದಕ್ಕೆ ಸಮರ್ಥನೆ ಹುಡುಕುತ್ತಾರೆ. ಎರಡು ವರ್ಷ ಕಳೆದ ಮೇಲೆ ‘ಇವನು ಹೀಗಾಗುತ್ತಾನೆಂದು ಯಾರಿಗೆ ಗೊತ್ತಿತ್ತು’ ಎಂದು ನಿಟ್ಟುಸಿರು ಬಿಡುತ್ತಾರೆ. ಅರ್ಧದಷ್ಟು ಸಂಗತಿ ಮೊದಲೇ ಗೊತ್ತಾಗುವಂಥದ್ದು. ಅವರು ನೋಡಿದ್ದನ್ನೇ ನೀವೂ ನೋಡಬೇಕು, ಆದರೆ ತಿರುಗುಮುರುಗಾಗಿ: ಮೊದಲು ಪೂರ್ತಿ ಪಂದ್ಯ, ಆಮೇಲೆ ಅಂಕಿ, ಕಡೆಯಲ್ಲಿ ಅಳತೆ ಮತ್ತು ಹೆಸರು. ಈ ಕ್ರಮ ತಪ್ಪಿದರೆ ಮುಂದಿನ ಯಾವ ಹಂತವೂ ಕೆಲಸಕ್ಕೆ ಬರುವುದಿಲ್ಲ.

ಆಟದ ಮೂಲ ನಿಯಮಗಳು ನಿಮಗೆ ಗೊತ್ತಿವೆ ಎಂದುಕೊಂಡೇ ಬರೆಯುತ್ತಿದ್ದೇನೆ. ಒಬ್ಬ ಆಟಗಾರನಿಗೆ ಎಂಟು ಹತ್ತು ಗಂಟೆ ಬೇಕು. ಅಷ್ಟು ಸಮಯ ಇಲ್ಲದಿದ್ದರೆ ಐದು ಜನರನ್ನು ಮೇಲೆ ಮೇಲೆ ನೋಡುವ ಬದಲು ಇಬ್ಬರನ್ನು ಸರಿಯಾಗಿ ನೋಡಿ.

ಕೈಯಲ್ಲಿ ಏನೇನಿರಬೇಕು

ನಾಲ್ಕು ಪೂರ್ತಿ ಪಂದ್ಯಗಳ ವಿಡಿಯೊ, ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಮೊಬೈಲಿನ ಸ್ಟಾಪ್‌ವಾಚ್. ಇಷ್ಟೇ.

ಇಪ್ಪತ್ತೆರಡೂ ಆಟಗಾರರು ಕಾಣುವಂತೆ ಎತ್ತರದಿಂದ ತೆಗೆದ ವಿಡಿಯೊಗೆ ಆಲ್-22 ಎನ್ನುತ್ತಾರೆ. ಎನ್‌ಎಫ್‌ಎಲ್ ಪಂದ್ಯಗಳದ್ದು ಚಂದಾ ಕಟ್ಟಿದರೆ ಸಿಗುತ್ತದೆ, ಕಾಲೇಜಿನದ್ದು ಹೊರಗಿನವರಿಗೆ ಸುಲಭಕ್ಕೆ ಸಿಗುವುದಿಲ್ಲ. ಟಿವಿ ಪ್ರಸಾರವೇ ಗತಿ. ಅದರಲ್ಲಿ ಎಸೆತ ಹಿಡಿಯಲು ದೂರ ಓಡುವ ರಿಸೀವರ್‌ಗಳು ಚೌಕಟ್ಟಿನಿಂದ ಆಚೆ ಹೋಗುತ್ತಾರೆ, ಆದರೆ ಕ್ವಾರ್ಟರ್‌ಬ್ಯಾಕ್‌ನ ಪಾದ, ಭುಜ ಮತ್ತು ಹೆಲ್ಮೆಟ್ ತಿರುಗುವ ದಿಕ್ಕು ಕಾಣುತ್ತವೆ. ನಮ್ಮ ಕೆಲಸದ ಮುಕ್ಕಾಲು ಪಾಲು ಇವುಗಳಿಂದಲೇ ನಡೆಯುತ್ತದೆ. ಅವನು ಎಸೆಯದೆ ಚೆಂಡು ಹಿಡಿದುಕೊಂಡಾಗ ರಿಸೀವರ್ ತೆರವಾಗಿ ನಿಂತಿದ್ದನೋ ಇಲ್ಲವೋ ಎಂಬುದು ಟಿವಿಯಲ್ಲಿ ಕಾಣದು. ಅಂಥ ಕಡೆ ಊಹೆ ಮಾಡಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ವೀಕ್ಷಕ ವಿವರಣೆಯ ಧ್ವನಿಯನ್ನು ಪೂರ್ತಿ ಬಂದ್ ಮಾಡಿ. ವಿವರಣೆಕಾರರು ಒಂದು ಇಡೀ ಋತುವಿನಲ್ಲಿ ಕಟ್ಟಿದ ಕಥೆ ನಿಮ್ಮ ಕಿವಿಯಲ್ಲಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ.

ಹಂತ 1: ನಾಲ್ಕು ಪಂದ್ಯಗಳನ್ನು ಆರಿಸುವುದು

ಅವನು ಎದುರಿಸಿದ ಅತಿ ಬಲಿಷ್ಠ ರಕ್ಷಣೆಯ ವಿರುದ್ಧದ ಪಂದ್ಯ ಒಂದು. ಅವನ ತಂಡ ಹಿಂದೆ ಬಿದ್ದು, ಓಟದ ಆಟ ಬಿಟ್ಟು ಎಸೆಯಲೇಬೇಕಾಗಿ ಬಂದ ಪಂದ್ಯ ಒಂದು. ಕೊನೆಯ ಋತುವಿನ ನವೆಂಬರ್ ತಿಂಗಳಿನದು ಒಂದು. ಅಷ್ಟು ಹೊತ್ತಿಗೆ ಎದುರಾಳಿಗಳ ಬಳಿ ಅವನ ಹತ್ತು ಪಂದ್ಯಗಳ ವಿಡಿಯೊ ಇರುತ್ತದೆ, ಅವನ ದೌರ್ಬಲ್ಯ ಎಲ್ಲರಿಗೂ ಗೊತ್ತಾಗಿರುತ್ತದೆ. ನಾಲ್ಕನೆಯದು ಹಿಂದಿನ ವರ್ಷದ್ದಾಗಿರಲಿ.

ಸೆಪ್ಟೆಂಬರ್ ಮೊದಲ ವಾರ ಸಣ್ಣ ಕಾಲೇಜಿನ ಎದುರು ಐದು ಟಚ್‌ಡೌನ್ ಬಾರಿಸಿದ ಪಂದ್ಯವನ್ನು ಮುಟ್ಟಬೇಡಿ. ದೊಡ್ಡ ಕಾಲೇಜುಗಳು ಅಂಥ ಎದುರಾಳಿಗಳನ್ನು ದುಡ್ಡು ಕೊಟ್ಟು ಕರೆಸಿ ಆಡಿಸುತ್ತವೆ.

ಹಂತ 2: ಮೊದಲ ಸುತ್ತಿನಲ್ಲಿ ಚೆಂಡನ್ನು ನೋಡಬೇಡಿ

ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಚೆಂಡು ಗಾಳಿಗೆ ಹಾರಿದ ಕೂಡಲೇ ಕಣ್ಣು ತಾನಾಗಿ ಅದರ ಹಿಂದೆ ಓಡುತ್ತದೆ. ಮೊದಲ ಪಂದ್ಯದಲ್ಲಿ ನಾನು ಹೇಳುವ ಉಪಾಯ ಇದು: ಚೆಂಡು ಕೈ ಬಿಟ್ಟ ಕ್ಷಣ ವಿಡಿಯೊ ನಿಲ್ಲಿಸಿ, ಬರೆದುಕೊಳ್ಳಿ, ಫಲಿತಾಂಶ ನೋಡದೆ ಮುಂದಿನ ಸ್ನ್ಯಾಪ್‌ಗೆ (ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈ ಸೇರಿ ಆಟ ಶುರುವಾಗುವ ಕ್ಷಣಕ್ಕೆ) ಹಾರಿ. ಹಿಡಿದನೋ ಬಿಟ್ಟನೋ ತಿಳಿಯದೆ ಇರುವುದಕ್ಕೆ ಮೊದಲ ಅರ್ಧ ಗಂಟೆ ಕೈ ತುರಿಸುತ್ತದೆ. ಆಮೇಲೆ ರೂಢಿಯಾಗುತ್ತದೆ.

ಪಾದಗಳಿಂದ ಶುರು ಮಾಡಿ. ಹಿಂದೆ ಸರಿಯುವ ಹೆಜ್ಜೆಗಳು ಮುಗಿದೊಡನೆ ಪಾದ ನೆಲ ಕಚ್ಚಿ ಚೆಂಡು ಹೊರಡುತ್ತದೆಯೇ, ಇಲ್ಲ ಅಲ್ಲೇ ಮೂರು ನಾಲ್ಕು ಸಲ ಪುಟಿಯುತ್ತಾನೆಯೇ? ಪುಟಿಯುವುದೆಂದರೆ ಎಲ್ಲಿಗೆ ಎಸೆಯಬೇಕೆಂದು ಇನ್ನೂ ನಿರ್ಧಾರವಾಗಿಲ್ಲ ಎಂದು. ಎಸೆಯುವ ದಿಕ್ಕಿಗೆ ಮುಂದಿನ ಪಾದ ತಿರುಗಿದೆಯೇ? ಪಾದ ಒಂದು ಕಡೆ, ಚೆಂಡು ಇನ್ನೊಂದು ಕಡೆ ಹೋಗುತ್ತಿದ್ದರೆ ಅವನು ಬರೀ ತೋಳಿನ ಬಲದ ಮೇಲೆ ಬದುಕುತ್ತಿದ್ದಾನೆ.

ಆಮೇಲೆ ಹೆಲ್ಮೆಟ್. ಸ್ನ್ಯಾಪ್ ಆದಾಗಿನಿಂದ ಎಸೆಯುವವರೆಗೆ ಒಂದೇ ರಿಸೀವರ್‌ನತ್ತ ನೆಟ್ಟಿದೆಯೇ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಸರಿಯುತ್ತದೆಯೇ? ಇಡೀ ಪಂದ್ಯದಲ್ಲಿ ಎರಡನೆಯ ಆಯ್ಕೆಗೆ ಹೋಗಿ ಎಸೆದದ್ದು ನಾಲ್ಕು ಸಲವೂ ಇಲ್ಲದಿದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಒಂದು ಎಚ್ಚರಿಕೆ: ತಲೆ ತಿರುಗಿಸಿದ ಮಾತ್ರಕ್ಕೆ ನೋಡಿದ ಹಾಗಲ್ಲ. ತರಬೇತುದಾರ ಹೇಳಿಕೊಟ್ಟಂತೆ ಎಡಕ್ಕೊಮ್ಮೆ ತಲೆಯಾಡಿಸಿ, ಮೊದಲೇ ನಿಶ್ಚಯಿಸಿದ ಬಲಬದಿಯ ರಿಸೀವರ್‌ಗೇ ಎಸೆಯುವವರು ಬಹಳ ಮಂದಿ. ತಲೆಯ ಜೊತೆ ಭುಜ ಮತ್ತು ಪಾದವೂ ತಿರುಗಿದ್ದರೆ ಅದು ನಿಜವಾದ ಎರಡನೆಯ ಆಯ್ಕೆ.

ಸ್ನ್ಯಾಪ್‌ಗೆ ಮುಂಚಿನ ಹತ್ತು ಸೆಕೆಂಡ್‌ಗಳನ್ನೂ ಬಿಡಬೇಡಿ. ತಂಡ ಸಾಲಾಗಿ ನಿಂತ ಮೇಲೆ ಹನ್ನೊಂದೂ ಜನ ತಿರುಗಿ ಮೈದಾನದ ಅಂಚಿನಲ್ಲಿರುವ ತರಬೇತುದಾರರತ್ತ ನೋಡಿದರೆ, ಆಟ ಬದಲಿಸುವ ಯೋಚನೆ ಅಲ್ಲಿ ನಡೆಯುತ್ತಿದೆ, ಇವನ ತಲೆಯಲ್ಲಲ್ಲ. ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್‌ನೊಳಗಿನ ತರಬೇತುದಾರರ ರೇಡಿಯೊ, ಪ್ರತಿ ಸ್ನ್ಯಾಪ್‌ಗೆ ಮುಂಚೆ ಓಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಬಂದ್ ಆಗುತ್ತದೆ. ಅಲ್ಲಿಂದಾಚೆ ಎದುರಾಳಿಯ ಚಲನೆ ನೋಡಿ, ತನ್ನನ್ನು ಕಾಯುವ ಲೈನ್‌ಮನ್‌ಗಳಿಗೆ ಬೆರಳು ತೋರಿಸಿ ಹೇಳಬೇಕಾದವನು ಅವನೇ. ಹಾಗೆ ಬೆರಳು ತೋರಿಸಿದ, ಆಟ ಬದಲಿಸಿದ ಪ್ರತಿ ಸಂದರ್ಭಕ್ಕೂ ಒಂದು ಗೀಟು ಹಾಕಿ.

ಹಂತ 3: ಎರಡನೆಯ ಸುತ್ತಿನಲ್ಲಿ ಪ್ರತಿ ಎಸೆತಕ್ಕೂ ಒಂದು ಸಾಲು

ಈಗ ಅದೇ ಪಂದ್ಯವನ್ನು ಫಲಿತಾಂಶದ ಸಮೇತ ನೋಡಿ. ಪುಟದಲ್ಲಿ ಕಡೆಯ ಮೂರು ಕಾಲಂಗಳು ಬೇರೆ ಬೇರೆ ಇರಬೇಕು: ನಿರ್ಧಾರ, ಎಸೆತ, ಫಲ. ಈ ಮೂರನ್ನು ಒಂದಾಗಿಸಿ ‘ಒಳ್ಳೆಯ ಪಾಸ್’ ಎಂದು ಬರೆಯುವುದೇ ನಮ್ಮವರು ಎಡವುವ ಮುಖ್ಯ ಜಾಗ.

ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿರುತ್ತದೆ (ಹ್ಯಾಶ್ ಎಂದರೆ ಚೆಂಡು ಎಲ್ಲಿಂದ ಹೊರಟಿತೆಂದು ತೋರಿಸುವ ಮೈದಾನದ ಗುರುತು, ಸೇಫ್ಟಿ ಎಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕ, ಟ್ಯಾಕಲ್ ಎಂದರೆ ಲೈನಿನ ತುದಿಯ ಲೈನ್‌ಮನ್):

‘ಮೂರನೆಯ ಡೌನ್, 8 ಯಾರ್ಡ್. ಎಡ ಹ್ಯಾಶ್. ಹಿಂದೆ ಇಬ್ಬರು ಸೇಫ್ಟಿ. ಸ್ನ್ಯಾಪ್ ಆದೊಡನೆ ಒಬ್ಬ ಕೆಳಗಿಳಿದ. ಮೊದಲು ಬಲಕ್ಕೆ ನೋಡಿದ, ಮುಚ್ಚಿತ್ತು. ನಡುವಿಗೆ ಬಂದ. ಎಡ ಟ್ಯಾಕಲ್ ಸೋತ. ಒಂದು ಹೆಜ್ಜೆ ಮುಂದಕ್ಕೆ ಸರಿದು 14 ಯಾರ್ಡ್‌ಗೆ ಎಸೆದ. 2.8 ಸೆಕೆಂಡ್. ನಿರ್ಧಾರ ಸರಿ. ಎಸೆತ ಸರಿ. ಫಲ: ರಿಸೀವರ್ ಕೈಬಿಟ್ಟ.’

ಅಂಕಪಟ್ಟಿಯಲ್ಲಿ ಇದು ಒಂದು ವಿಫಲ ಪಾಸ್. ನನ್ನ ಪುಟದಲ್ಲಿ ಇಡೀ ಪಂದ್ಯದ ಅತ್ಯುತ್ತಮ ಆಟ ಇದೇ ಆಗಿರಬಹುದು: ಸೇಫ್ಟಿ ಜಾಗ ಬದಲಿಸಿದ್ದು ಕಂಡಿದೆ, ಎರಡನೆಯ ಆಯ್ಕೆಗೆ ಬಂದಿದ್ದಾನೆ, ಮೈಮೇಲೆ ಬರುತ್ತಿರುವವನನ್ನು ಕಂಡೂ ಹಿಂದೆ ಓಡಲಿಲ್ಲ. ಅದೇ ಹುಡುಗ ಮುಂದಿನ ಸರದಿಯಲ್ಲಿ ಇಬ್ಬರು ಕಾವಲಿದ್ದ ಕಡೆಗೆ ತಡವಾಗಿ ಎಸೆದು, ಚೆಂಡು ರಕ್ಷಕನ ಬೆರಳು ತಾಗಿ ತನ್ನವನ ಕೈಗೇ ಬಿದ್ದು ಟಚ್‌ಡೌನ್ ಆಗಿಬಿಟ್ಟರೆ, ನಿರ್ಧಾರದ ಕಾಲಂನಲ್ಲಿ ಕೆಂಪು ಅಡ್ಡಗೆರೆ. ಹೈಲೈಟ್ಸ್‌ನಲ್ಲಿ ನೀವು ನೋಡುವುದು ಎರಡನೆಯದನ್ನು.

ಸ್ಟಾಪ್‌ವಾಚ್‌ನ ಬಳಕೆ ಇಲ್ಲಿದೆ. ಸ್ನ್ಯಾಪ್‌ನಿಂದ ಚೆಂಡು ಕೈ ಬಿಡುವವರೆಗೆ ಎರಡೂವರೆ ಸೆಕೆಂಡ್‌ನ ಸುತ್ತಮುತ್ತ ಇದ್ದರೆ ಸರಿ. ಮೂರು ದಾಟಿದ ಎಸೆತಗಳನ್ನೆಲ್ಲ ಸುತ್ತು ಹಾಕಿ ಗುರುತಿಸಿ. ಅವು ಹೆಚ್ಚಿದ್ದರೆ, ಕಾಲೇಜಿನಲ್ಲಿ ಅಷ್ಟು ಸಮಯ ಕೊಟ್ಟ ಆಫೆನ್ಸಿವ್ ಲೈನ್ ಮುಂದೆ ಅವನಿಗೆ ಸಿಗುವುದು ಅಪರೂಪ.

ಹಂತ 4: ಪುಕ್ಕಟೆ ಎಸೆತಗಳನ್ನು ಕಳೆಯಿರಿ

ಎಷ್ಟೋ ಕಾಲೇಜು ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್‌ನ ಎಸೆತಗಳ ದೊಡ್ಡ ಪಾಲು ಸ್ಕ್ರೀನ್ ಪಾಸ್ (ಲೈನ್‌ಮನ್‌ಗಳ ಮರೆಯಲ್ಲಿ ನಿಂತವನಿಗೆ ಕೊಡುವ ಕಿರು ಎಸೆತ) ಮತ್ತು ಆರ್‌ಪಿಒ. ಆರ್‌ಪಿಒ ಅಂದರೆ ಒಬ್ಬ ರಕ್ಷಕನನ್ನಷ್ಟೇ ನೋಡಿ, ಓಟಗಾರನ ಕೈಗೆ ಕೊಡುವುದೋ ಪಕ್ಕಕ್ಕೆ ಎಸೆಯುವುದೋ ಎಂದು ನಿರ್ಧರಿಸುವ ಆಟ. ಇದನ್ನು ಕಾಲೇಜು ನಿಯಮವೇ ಪೋಷಿಸುತ್ತದೆ. ಅಲ್ಲಿ ಪಾಸ್ ಹೊರಡುವ ಮುನ್ನ ಲೈನ್‌ಮನ್‌ಗಳು ಮೂರು ಯಾರ್ಡ್ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಆ ಎರಡು ಯಾರ್ಡ್‌ನಲ್ಲಿ ಲೈನ್‌ಬ್ಯಾಕರ್ (ನಡುಭಾಗದ ರಕ್ಷಕ) ಇದು ಓಟವೆಂದು ಮೋಸ ಹೋಗುತ್ತಾನೆ, ಅವನ ಬೆನ್ನ ಹಿಂದೆ ಕೊಟ್ಟಿಗೆ ಬಾಗಿಲಿನಷ್ಟು ಜಾಗ ತೆರೆಯುತ್ತದೆ.

ಮೈದಾನದ ಗುರುತುಗಳೂ ಬೇರೆ. ಕಾಲೇಜಿನ ಹ್ಯಾಶ್ ಗುರುತುಗಳ ನಡುವೆ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಮೈದಾನ ಉಳಿಯುತ್ತದೆ. ಆ ಅಗಲದ ಬದಿಯಲ್ಲಿ ರಕ್ಷಕರು ಹರಡಿಕೊಂಡು ನಿಲ್ಲಲೇಬೇಕು. ಯಾರು ಎಲ್ಲಿಗೆ ಹೋಗುತ್ತಾರೆಂಬುದನ್ನು ಮುಚ್ಚಿಡುವುದು ಕಷ್ಟ. ಎನ್‌ಎಫ್‌ಎಲ್‌ನಲ್ಲಿ ಎರಡೂ ಬದಿ ಹೆಚ್ಚುಕಡಿಮೆ ಸಮ, ವೇಷ ಮರೆಸಲು ಅನುಕೂಲ.

ಆದ್ದರಿಂದ ನಿಮ್ಮ ಪಟ್ಟಿಯಿಂದ ಸ್ಕ್ರೀನ್, ಆರ್‌ಪಿಒ, ಐದು ಯಾರ್ಡ್‌ನೊಳಗಿನ ಎಸೆತ ಎಲ್ಲವನ್ನೂ ಹೊಡೆದುಹಾಕಿ. ನಲವತ್ತು ಎಸೆತಗಳಲ್ಲಿ ಕೆಲವೊಮ್ಮೆ ಹನ್ನೆರಡು ಉಳಿಯುತ್ತವೆ. ಮೊದಲ ಸಲ ಮಾಡಿದಾಗ ನನಗೆ ಎಣಿಕೆ ತಪ್ಪಿದೆಯೆಂದೇ ಅನ್ನಿಸಿತ್ತು. ಆ ಹನ್ನೆರಡೇ ಪರೀಕ್ಷೆ. ಉಳಿದವನ್ನು ಸೇರಿಸಿಕೊಂಡು ನಿಖರತೆ ಲೆಕ್ಕ ಹಾಕುವುದು, ಚಿನ್ನಸ್ವಾಮಿಯ ಚಿಕ್ಕ ಬೌಂಡರಿ ದಾಟಿದ ಸಿಕ್ಸರ್‌ಗಳಿಂದ ಬ್ಯಾಟ್ಸ್‌ಮನ್‌ನ ತೋಳ್ಬಲ ಅಳೆದಂತೆ.

ಉಳಿದವುಗಳಲ್ಲಿ ಎರಡು ಬಗೆಯನ್ನು ವಿಶೇಷವಾಗಿ ನೋಡಿ. ಒಂದು, ದೂರದ ಹ್ಯಾಶ್‌ನಿಂದ ಎದುರು ಅಂಚಿನ ಗೆರೆಯತ್ತ ಹೋಗುವ ಎಸೆತ. ಇಲ್ಲಿ ಚೆಂಡು ರಿಸೀವರ್ ತಿರುಗುವ ಮೊದಲೇ ಹೊರಡಬೇಕು, ಅರ್ಧ ಸೆಕೆಂಡ್ ತಡವಾದರೂ ಕಾರ್ನರ್‌ಬ್ಯಾಕ್ ಅದನ್ನು ಕಿತ್ತುಕೊಂಡು ಎದುರು ದಿಕ್ಕಿಗೆ ಓಡುತ್ತಾನೆ. ಇನ್ನೊಂದು, ನಡುಮೈದಾನದಲ್ಲಿ ಲೈನ್‌ಬ್ಯಾಕರ್ ತಲೆಯ ಮೇಲಿಂದ ಹಾಯ್ದು ಸೇಫ್ಟಿಯ ಮುಂದೆ ಇಳಿಯುವ ಎಸೆತ. ನಡುಭಾಗಕ್ಕೆ ಎಸೆಯುವುದನ್ನೇ ತಪ್ಪಿಸುವ ಹುಡುಗನಿಗೆ ಅಲ್ಲಿರುವುದು ಕಾಣುತ್ತಿಲ್ಲ ಎಂದು ಅನುಮಾನ ಪಡಿ.

ಹಂತ 5: ಒತ್ತಡದ ಲೆಕ್ಕ

ಒಂದೇ ಹಂತ ಮಾಡಲು ಸಮಯವಿದೆ ಎಂದರೆ ಇದನ್ನು ಮಾಡಿ ಎನ್ನುತ್ತೇನೆ.

ಮೊದಲು ಒಂದು ಅಂಕಿಅಂಶದ ಗುಂಡಿ ದಾಟಬೇಕು. ಕಾಲೇಜು ಆಟದಲ್ಲಿ ಸ್ಯಾಕ್‌ನಿಂದ (ಎಸೆಯುವ ಮೊದಲೇ ರಕ್ಷಕರು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದರಿಂದ) ಕಳೆದುಕೊಂಡ ಯಾರ್ಡ್‌ಗಳನ್ನು ಓಟದ ಖಾತೆಗೆ ಹಾಕುತ್ತಾರೆ. ಹಾಗಾಗಿ ಪಾಸಿಂಗ್ ಅಂಕಿಗಳು ಎಷ್ಟೇ ಹೊಳೆಯುತ್ತಿದ್ದರೂ ಅವನು ಎಷ್ಟು ಸಲ ನೆಲ ಕಚ್ಚಿದ ಎಂಬುದು ಅಲ್ಲಿ ಕಾಣುವುದಿಲ್ಲ. ಓಟದ ಯಾರ್ಡ್ ಕಡಿಮೆಯಿದೆ ಎಂದು ‘ಇವನಿಗೆ ಓಡಲು ಬಾರದು’ ಎಂದವರೂ ಇದೇ ಗುಂಡಿಗೆ ಬಿದ್ದವರು.

ನಾಲ್ಕೂ ಪಂದ್ಯಗಳಲ್ಲಿ ರಕ್ಷಕ ಅವನ ಮೈಮೇಲೆ ಬಂದ, ಇಲ್ಲವೇ ನಿಂತ ಜಾಗ ಬಿಡುವಂತೆ ಮಾಡಿದ ಪ್ರತಿ ಸಂದರ್ಭ ಎಣಿಸಿ. ಅವುಗಳಲ್ಲಿ ಎಷ್ಟು ಸ್ಯಾಕ್ ಆದವು? ಐದರಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ ನಾನು ನೆಮ್ಮದಿಯಿಂದ ಮುಂದೆ ಹೋಗುತ್ತೇನೆ. ನಾಲ್ಕರಲ್ಲಿ ಒಂದನ್ನು ದಾಟಿದರೆ ಉಳಿದೆಲ್ಲ ಚೆನ್ನಾಗಿದ್ದರೂ ಪುಟದ ಮೇಲ್ತುದಿಯಲ್ಲಿ ಕೆಂಪು ಗುರುತು. ‘ಲೈನ್ ಕೆಟ್ಟದಾಗಿತ್ತು, ಅವನೇನು ಮಾಡಿಯಾನು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಒತ್ತಡ ಎಷ್ಟು ಬಂತು ಎಂಬುದಕ್ಕೆ ಲೈನ್ ಹೊಣೆ. ಬಂದ ಒತ್ತಡ ಸ್ಯಾಕ್ ಆಯಿತೋ ಎಂಬುದು ಬಹುಮಟ್ಟಿಗೆ ಕ್ವಾರ್ಟರ್‌ಬ್ಯಾಕ್‌ನ ಸ್ವಭಾವ, ಮತ್ತು ಈ ಸ್ವಭಾವ ತಂಡ ಬದಲಾದರೂ ಅವನ ಜೊತೆಗೇ ಹೋಗುತ್ತದೆ.

ಹೇಗೆ ತಪ್ಪಿಸಿಕೊಳ್ಳುತ್ತಾನೆ ಎಂಬುದನ್ನೂ ಬರೆಯಿರಿ. ಪಾಕೆಟ್‌ನೊಳಗೇ (ಲೈನ್‌ಮನ್‌ಗಳು ಸುತ್ತ ಕಾಯುವ ಜಾಗದಲ್ಲೇ) ಒಂದೆರಡು ಹೆಜ್ಜೆ ಮುಂದೆ ಸರಿದು ಕಣ್ಣನ್ನು ಮೈದಾನದ ಮೇಲೇ ಇಟ್ಟಿರುವವನು ಮೇಲು. ಹಿಂದಕ್ಕೆ ಹತ್ತು ಯಾರ್ಡ್ ಓಡಿ, ಸುತ್ತು ಹಾಕಿ, ಅಂಚಿಗೆ ಬಂದು ಎಸೆಯುವವನು ಶನಿವಾರದ ಕಾಲೇಜು ಪಂದ್ಯದಲ್ಲಿ ಚಪ್ಪಾಳೆ ಗಿಟ್ಟಿಸುತ್ತಾನೆ. ಭಾನುವಾರದ ಎನ್‌ಎಫ್‌ಎಲ್ ಆಟದಲ್ಲಿ ಅಂಚಿನಿಂದ ಬರುವ ರಕ್ಷಕರು ಅವನಷ್ಟೇ ವೇಗವಾಗಿ ಓಡುವವರು. ಇನ್ನೊಂದು ಬಗೆಯಿದೆ. ಯಾರೂ ಹತ್ತಿರ ಬಂದಿಲ್ಲ, ಪಾಕೆಟ್ ಗಟ್ಟಿಯಾಗಿದೆ, ಆದರೂ ಹಗ್ಗ ಕಂಡು ಹಾವೆಂದು ಬೆಚ್ಚಿದವನಂತೆ ಜಾಗ ಬಿಟ್ಟು ಓಡುತ್ತಾನೆ. ನಾಲ್ಕು ಪಂದ್ಯಗಳಲ್ಲಿ ಇದು ಹತ್ತು ಸಲ ಕಂಡರೆ ನಾನು ಅವನನ್ನು ಕೈಬಿಡುತ್ತೇನೆ. ತೋಳು ಬಲಗೊಳ್ಳುವುದನ್ನು, ಹೆಜ್ಜೆ ತಿದ್ದಿಕೊಳ್ಳುವುದನ್ನು ನೋಡಿದ್ದೇನೆ. ಈ ಬೆಚ್ಚುವಿಕೆ ಹೋದದ್ದನ್ನು ನಾನಂತೂ ನೋಡಿದ್ದು ಕಡಿಮೆ.

ಹಂತ 6: ಸುತ್ತ ಯಾರಿದ್ದರು

2019ರ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ತಂಡದಲ್ಲಿ ಜೋ ಬರೋ ಅವರ ಎಸೆತ ಹಿಡಿಯಲು ಜಮಾರ್ ಚೇಸ್ ಮತ್ತು ಜಸ್ಟಿನ್ ಜೆಫರ್ಸನ್ ಇಬ್ಬರೂ ಇದ್ದರು. 2020ರ ಅಲಬಾಮದಲ್ಲಿ ಮ್ಯಾಕ್ ಜೋನ್ಸ್ ಅವರಿಗೆ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಡೆವಾಂಟಾ ಸ್ಮಿತ್ ಇದ್ದರು. ಇಬ್ಬರ ಪಾಸ್ ಯಶಸ್ಸೂ ನೂರಕ್ಕೆ 76 ದಾಟಿತ್ತು. ಅಂಕಿ ಒಂದೇ ತರಹ, ವೃತ್ತಿಜೀವನ ಬೇರೆ ಬೇರೆ.

ಕೇಳಬೇಕಾದ ಪ್ರಶ್ನೆ: ಎಸೆತ ಹೊರಟಾಗ ರಿಸೀವರ್ ಎಷ್ಟು ತೆರವಾಗಿದ್ದ? ಎರಡು ಯಾರ್ಡ್ ಅಂತರದಲ್ಲಿ ಒಂಟಿಯಾಗಿ ಓಡುತ್ತಿರುವವನಿಗೆ ಎಸೆದದ್ದಕ್ಕೂ ರಕ್ಷಕ ಅಂಟಿಕೊಂಡಿರುವಾಗ ಆಚೆ ಬದಿಯ ಭುಜಕ್ಕೆ ಇಟ್ಟು ಎಸೆದದ್ದಕ್ಕೂ ಬೇರೆ ಗುರುತು ಹಾಕಿ. ಎರಡನೆಯ ಬಗೆಯವು ಹಿಡಿ ತುಂಬ ಸಿಗಬೇಕು.

ಹಂತ 7: ಈಗ ಅಂಕಿಗಳನ್ನು ತೆರೆಯಿರಿ

ಇಷ್ಟು ಹೊತ್ತು ಮುಚ್ಚಿಟ್ಟಿದ್ದ ಅಂಕಿಅಂಶ ಈಗ ನೋಡಬಹುದು, ಮುಖ್ಯವಾಗಿ ಎರಡು ಕಾರಣಕ್ಕೆ.

ಒಂದು, ಎಷ್ಟು ಪಂದ್ಯ ಆಡಿದ್ದಾನೆ. ಟ್ರೇ ಲ್ಯಾನ್ಸ್ 2019ರಲ್ಲಿ ನಾರ್ತ್ ಡಕೋಟ ಸ್ಟೇಟ್ ಪರ 28 ಟಚ್‌ಡೌನ್ ಪಾಸ್ ಎಸೆದರು, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಒಂದೂ ಇಲ್ಲ. ನೋಡಿದರೆ ಕಣ್ಣು ಕೋರೈಸುವ ಅಂಕಿ. ಆದರೆ ಕಾಲೇಜಿನಲ್ಲಿ ಅವರು ಆರಂಭಿಕರಾಗಿ ಆಡಿದ್ದು ಒಟ್ಟು 17 ಪಂದ್ಯ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತು ಮೂರನೆಯ ಸ್ಥಾನಕ್ಕೇರಿ ಅವರನ್ನು ಆರಿಸಿತು. ಮರುವರ್ಷ ಅದೇ ತಂಡ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆಯಾಗಿ ತಂದ ಬ್ರಾಕ್ ಪರ್ಡಿ ಅಯೋವ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಬಂದವರು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಪರ್ಡಿ ತಂಡ ನಡೆಸುತ್ತಿದ್ದರು. ಇಪ್ಪತ್ತೈದಕ್ಕಿಂತ ಕಡಿಮೆ ಪಂದ್ಯ ಆರಂಭಿಸಿದವನಿಗೆ ನನ್ನ ಪುಟದಲ್ಲಿ ‘ಗೊತ್ತಿಲ್ಲ’ ಎಂದೇ ಬರೆಯುತ್ತೇನೆ, ‘ಚೆನ್ನಾಗಿದ್ದಾನೆ’ ಎಂದು ಬರೆಯುವುದಿಲ್ಲ.

ಎರಡು, ವರ್ಷದಿಂದ ವರ್ಷಕ್ಕೆ ಏನಾಯಿತು. ಬರೋ 2018ರಲ್ಲಿ 16 ಟಚ್‌ಡೌನ್ ಎಸೆದವರು, ಮರುವರ್ಷ 60. ಅಂಥ ಜಿಗಿತ ಕಂಡಾಗ ಹಿಗ್ಗುವ ಮೊದಲು ಕಾರಣ ಹುಡುಕಿ: ಹೊಸ ತರಬೇತುದಾರ ಬಂದರೇ, ಹೊಸ ಪದ್ಧತಿಯೇ, ಅವನ ಆಟವೇ ಬದಲಾಯಿತೇ? ನಾಲ್ಕನೆಯ ವಿಡಿಯೊ ಹಿಂದಿನ ವರ್ಷದ್ದಿರಲಿ ಎಂದದ್ದು ಇದಕ್ಕೇ. ಕಾಲು ಮತ್ತು ಕಣ್ಣು ಎರಡೂ ವರ್ಷ ಒಂದೇ ತರಹ ಚೆನ್ನಾಗಿದ್ದು ಫಲ ಮಾತ್ರ ಬದಲಾಗಿದ್ದರೆ ಅದು ಶುಭಸೂಚನೆ.

ಅಪವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೇಳುತ್ತೀರಿ. ಜೋಶ್ ಆಲನ್ ವಯೋಮಿಂಗ್‌ನಲ್ಲಿ ನೂರಕ್ಕೆ 56ರಷ್ಟು ಪಾಸ್ ಮಾತ್ರ ಸಫಲ ಮಾಡಿದ್ದರು, 2020ರಲ್ಲಿ ಬಫಲೊ ಪರ 69ಕ್ಕೆ ಏರಿದರು. ಅಂದಿನಿಂದ ತೋಳ್ಬಲವಿದ್ದೂ ಗುರಿ ತಪ್ಪುವ ಪ್ರತಿ ಹುಡುಗನನ್ನೂ ‘ಮುಂದಿನ ಆಲನ್’ ಎನ್ನುವುದು ಚಾಳಿಯಾಗಿದೆ. ಒಬ್ಬರು ದಾಟಿದ ಹೊಳೆಯಲ್ಲಿ ಎಷ್ಟು ಜನ ಮುಳುಗಿದರು ಎಂದು ಯಾರೂ ಎಣಿಸುವುದಿಲ್ಲ.

ಹಂತ 8: ಅಳತೆ, ಕಂಬೈನ್, ಪ್ರೊ ಡೇ

ಇದಕ್ಕೆ ಹತ್ತು ನಿಮಿಷ ಸಾಕು. ಡ್ರಾಫ್ಟ್‌ಗೆ ಮುನ್ನ ಆಟಗಾರರ ಮೈಕಟ್ಟು, ಓಟ, ಎಸೆತ ಅಳೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಎದುರಾಳಿ ಇಲ್ಲ, ಅವರವರ ಕಾಲೇಜಿನಲ್ಲೇ ನಡೆಯುವ ಪ್ರದರ್ಶನವಾದ ಪ್ರೊ ಡೇಯಲ್ಲಿ ಸ್ವಂತ ಮೈದಾನ, ಪರಿಚಿತ ರಿಸೀವರ್‌ಗಳು, ಮೊದಲೇ ಅಭ್ಯಾಸ ಮಾಡಿದ ಎಸೆತಗಳು. ಒಮ್ಮೆ ಪ್ರೊ ಡೇಯಲ್ಲಿ ಎಡಕ್ಕೆ ಓಡುತ್ತ ಮೈ ತಿರುಚಿ ಬಲಕ್ಕೆ ಎಸೆದ ಒಂದೇ ಒಂದು ಚೆಂಡು ನೋಡಿ ನಾನು ನೋಟ್‌ಬುಕ್ಕಿನ ಎರಡು ಕೆಂಪು ಗುರುತುಗಳನ್ನು ಅಳಿಸಿಬಿಟ್ಟಿದ್ದೆ. ಅಳಿಸಿದ್ದೇ ತಪ್ಪಾಯಿತು. ಅಂದಿನಿಂದ ಪೆನ್ಸಿಲ್ ಬಿಟ್ಟು ಪೆನ್ನು ಹಿಡಿದಿದ್ದೇನೆ.

ಎನ್‌ಎಫ್‌ಎಲ್‌ನ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 40 ಯಾರ್ಡ್ ಓಡಲು 5.28 ಸೆಕೆಂಡ್ ತೆಗೆದುಕೊಂಡಿದ್ದರು. ಓಟದ ವೇಗದ ಬಗ್ಗೆ ಇಷ್ಟು ಸಾಕು. ಎತ್ತರ ಐದು ಅಡಿ ಹನ್ನೊಂದಕ್ಕಿಂತ ಕಡಿಮೆಯಿದ್ದರೆ ವಿಡಿಯೊಗೆ ಹಿಂದಿರುಗಿ ನಡುಮೈದಾನದ ಎಸೆತಗಳನ್ನು ಮತ್ತೆ ಎಣಿಸಿ. ಅವು ಇದ್ದರೆ ಎತ್ತರದ ಚಿಂತೆ ಬಿಡಿ. ಅಂಗೈ ಅಳತೆಯ ಚರ್ಚೆ ಪ್ರತಿ ವರ್ಷ ನಡೆಯುತ್ತದೆ. ಬರೋ ಅವರದ್ದು ಒಂಬತ್ತು ಇಂಚು, ಚಿಕ್ಕದೆಂದು ಆಗ ಗದ್ದಲವಾಗಿತ್ತು. ಮಳೆ, ಚಳಿಯ ಪಂದ್ಯದಲ್ಲಿ ಚೆಂಡು ಕೈಜಾರುತ್ತದೆಯೇ ಎಂದು ನೋಡಿ, ಟೇಪು ಹಿಡಿಯುವ ಅಗತ್ಯ ಬೀಳದು.

ಹಂತ 9: ತೀರ್ಪನ್ನು ಷರತ್ತಿನ ರೂಪದಲ್ಲಿ ಬರೆಯುವುದು

‘ಗೆಲ್ಲುತ್ತಾನೆ’, ‘ಸೋಲುತ್ತಾನೆ’ ಎಂದು ಬರೆಯಬೇಡಿ. ‘ಮೊದಲ ವರ್ಷ ಕೂರಿಸಿದರೆ’, ‘ಲೈನ್ ಗಟ್ಟಿಯಿರುವ ತಂಡ ಸಿಕ್ಕರೆ’, ‘ಓಟದ ಆಟವನ್ನು ನೆಚ್ಚುವ ಪದ್ಧತಿಯಾದರೆ’ ಎಂಬ ಷರತ್ತು ಸೇರಿಸಿ ಮೂರು ವಾಕ್ಯ ಬರೆಯಿರಿ. 2017ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಸ್ ಟೆಕ್‌ನಿಂದ ಬಂದಾಗ ಕಾನ್ಸಾಸ್ ಸಿಟಿಯಲ್ಲಿ ಅಲೆಕ್ಸ್ ಸ್ಮಿತ್ ಇದ್ದರು. ಮಹೋಮ್ಸ್ ಆ ವರ್ಷ ಆರಂಭಿಸಿದ್ದು ಕೊನೆಯ ವಾರದ ಒಂದೇ ಪಂದ್ಯ. ಅದೇ ವರ್ಷ ಬೇರೆ ತಂಡದಲ್ಲಿ ಮೊದಲ ವಾರದಿಂದಲೇ ಆಡಿಸಿದ್ದರೆ ನಿಮ್ಮ ಪುಟದ ಪ್ರತಿ ಟಿಪ್ಪಣಿಯೂ ಹಾಗೇ ಇದ್ದು ಫಲ ಬೇರೆಯಾಗಬಹುದಿತ್ತು. ಡ್ರಾಫ್ಟ್ ರಾತ್ರಿ ತಂಡ ಯಾವುದೆಂದು ತಿಳಿದ ಮೇಲೆ ಷರತ್ತುಗಳ ಪಕ್ಕ ಟಿಕ್ ಹಾಕಿ, ತಾರೀಖು ಬರೆಯಿರಿ.

ಆ ಪುಟವನ್ನು ಅವನ ಮೂರನೆಯ ಋತುವಿನ ನವೆಂಬರ್‌ವರೆಗೆ ತೆಗೆಯಬೇಡಿ. ತೆಗೆದಾಗ ತೀರ್ಪು ಸರಿಯಾಯಿತೇ ಎಂದು ನೋಡುವುದಕ್ಕಿಂತ, ಯಾವ ಕಾಲಂ ನಿಮಗೆ ಪದೇ ಪದೇ ಸುಳ್ಳು ಹೇಳಿದೆ ಎಂದು ನೋಡಿ. ನನ್ನದು ಎಸೆತದ ಕಾಲಂ. ಬಲವಾದ ತೋಳು ಕಂಡಾಗಲೆಲ್ಲ ನಿರ್ಧಾರದ ತಪ್ಪನ್ನು ಅರ್ಧ ಮನ್ನಿಸಿದ್ದೇನೆ. ಹಳೆಯ ಪುಟಗಳಲ್ಲಿ ಹಾಗೆ ಮನ್ನಿಸಿದ ಜಾಗಗಳಿಗೆಲ್ಲ ಈಗ ಹಸಿರು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ, ಮೂರನೆಯ ಪೆನ್ನು ಕೊಂಡದ್ದು ಅದಕ್ಕಾಗಿಯೇ.